ರೈಲು ಹತ್ತೋಕಲ್ಲ, ನೋಡೋಕೆ: ದಾವಣಗೆರೆ–ಹರಿಹರ ಹಳಿ ಹೇಳುವ ಕಥೆ

ಇವತ್ತು ಸ್ಟೇಷನ್‌ಗೆ ಹೋಗೋಣ, ಆದ್ರೆ ಎಲ್ಲಿಗೂ ಪ್ರಯಾಣ ಮಾಡೋದು ಬೇಡ. ಹತ್ತು ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡ್ರೆ ಎರಡು ಗಂಟೆ ಕೂರಬಹುದು. ಕೂತು ಏನ್ ಮಾಡೋದು ಅಂತೀರಾ? ರೈಲು ನೋಡೋದು. ಅಷ್ಟೇ.

ಇದೇನು ಕೆಲಸ ಇಲ್ಲದವರ ಕೆಲಸ ಅಂದ್ಕೋಬೇಡಿ. ಇಂಗ್ಲೆಂಡ್‌ನಲ್ಲಿ ಇದನ್ನೇ ದೊಡ್ಡ ಹವ್ಯಾಸ ಮಾಡ್ಕೊಂಡವರಿದ್ದಾರೆ. ಲಂಡನ್ನಿನ ವಾಟರ್‌ಲೂ ಸ್ಟೇಷನ್ ಯುರೋಪಿನ ಗಿಜಿಗುಡುವ ಸ್ಟೇಷನ್‌ಗಳಲ್ಲಿ ಒಂದು. ಅಲ್ಲಿನ ರೈಲ್ವೆ ಕಚೇರಿಯಲ್ಲಿ ಇಯಾನ್ ಅಲನ್ ಅನ್ನೋ ಯುವಕ ಗುಮಾಸ್ತನಾಗಿದ್ದ. ಎಂಜಿನ್‌ಗಳ ಬಗ್ಗೆ ಕೇಳಿ ಜನ ಕಾಗದ ಬರೀತಿದ್ರು, ಉತ್ತರ ಕೊಡೋದು ಇವನ ಪಾಲಿಗೆ ಬಂದಿತ್ತು. ಒಬ್ಬೊಬ್ಬರಿಗೂ ಬರೆಯೋ ಬದಲು ಎಲ್ಲಾ ಎಂಜಿನ್ ನಂಬರ್ ಸೇರಿಸಿ ಒಂದು ಪುಟ್ಟ ಪುಸ್ತಕವನ್ನೇ ಮಾಡಿಬಿಟ್ಟ. ಅದು 1942, ಮಹಾಯುದ್ಧದ ನಡುವೆ. ಆಮೇಲೆ ಹುಡುಗರು ಆ ಪುಸ್ತಕ ಹಿಡ್ಕೊಂಡು ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತು, ಕಂಡ ಎಂಜಿನ್ನಿನ ನಂಬರ್ ಕೆಳಗೆ ಗೆರೆ ಎಳೆಯೋಕೆ ಶುರು ಮಾಡಿದ್ರು. 1968ರಲ್ಲಿ ಅಲ್ಲಿ ಉಗಿ ಎಂಜಿನ್ ಕಾಲ ಮುಗಿದಾಗ, ಯಾವ ಎಂಜಿನ್ ಯಾವತ್ತು ಎಲ್ಲಿ ಓಡ್ತು ಅನ್ನೋ ಲೆಕ್ಕ ಆ ಹುಡುಗರ ನೋಟ್‌ಬುಕ್‌ಗಳಲ್ಲಿ ಉಳಿದಿತ್ತು.

ನಮ್ಮಲ್ಲಿ ನೋಡಿದವರು ಕಡಿಮೆಯೇನಲ್ಲ. ದಾವಣಗೆರೆಯ ಅಶೋಕ ಟಾಕೀಸ್ ಗೇಟ್ ಗೊತ್ತಿಲ್ಲದವರು ಊರಲ್ಲಿ ಯಾರಿದ್ದಾರೆ? ದಶಕಗಳ ಕಾಲ ಗೇಟ್ ಬಿದ್ದಾಗಲೆಲ್ಲ ಊರು ಎರಡು ಹೋಳು. ಸೈಕಲ್, ಲೂನಾ, ಆಟೋ, ಮೂಟೆ ಹೊತ್ತ ಗಾಡಿ, ಸ್ಕೂಲ್ ಮಕ್ಕಳು, ಎಲ್ಲರೂ ನಿಂತು ಬೈಕೊಂಡೇ ರೈಲು ನೋಡಿದವರು. ಬೋಗಿ ಎಣಿಸಿದವರು. ಆದ್ರೆ ಬರೆದಿಟ್ಟವರು? ಇವತ್ತಿನ ಮಾತು ಅದರ ಬಗ್ಗೆ. ಯಾಕಂದ್ರೆ ಈ ಹಳಿ ಅಂಥಿಂಥ ಹಳಿ ಅಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಭೀಕರ ಬರ. ಲಕ್ಷಾಂತರ ಜನ ಸತ್ರು. ಹೊರಗಿಂದ ಧಾನ್ಯ ತರಿಸಿದ್ರೂ ಹಳಿ ಇಲ್ಲದ ಊರುಗಳಿಗೆ ಅದನ್ನ ಎತ್ತಿನ ಗಾಡಿಯಲ್ಲೇ ಸಾಗಿಸಬೇಕು. ಮೇವಿಲ್ಲದೆ ಎತ್ತುಗಳೇ ಸಾಯ್ತಿರುವಾಗ ಗಾಡಿ ಎಳೆಯೋದು ಯಾರು? ರೈಲು ಬೇಕೇ ಬೇಕು ಅನ್ನೋದು ಆಗ ಆಳುವವರ ತಲೆಗೆ ಹೊಕ್ಕಿತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಬೆಂಗಳೂರಿಂದ ಹೊರಟ ಹಳಿ 1884ರಲ್ಲಿ ತುಮಕೂರು ದಾಟಿ ಗುಬ್ಬಿ ಮುಟ್ಟಿತು. (ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ. ಕಾಕತಾಳೀಯವೇ ಇರಬಹುದು, ಆದ್ರೆ ಊರೂರು ತಿರುಗೋ ಕಂಪನಿಗೆ ರೈಲಿಗಿಂತ ಒಳ್ಳೆ ಗೆಳೆಯ ಬೇಕಾ?) ಅಲ್ಲಿಂದ ಮುಂದಿನ ಕೆಲಸ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯ್ತು. 1889ರಲ್ಲಿ ಹಳಿ ಹರಿಹರ ತಲುಪಿತು.

ಹರಿಹರ ಅಂದ್ರೆ ಏನು ಅಂತ ಇಲ್ಲೊಂದು ಕ್ಷಣ ಯೋಚನೆ ಮಾಡಿ. ಶಿವ, ವಿಷ್ಣು ಇಬ್ಬರೂ ಒಂದೇ ಮೂರ್ತಿಯಲ್ಲಿರುವ ಊರು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಇವತ್ತೂ ನಿಂತಿದೆ. ಆದ್ರೆ ರೈಲು ಬಂದ ಕಾಲಕ್ಕೆ ಇದು ಎರಡು ಸರ್ಕಾರಗಳ ಗಡಿ. ಹೊಳೆಯ ಈಚೆ ದಡ ಮೈಸೂರು ಮಹಾರಾಜರದ್ದು, ಆಚೆ ದಡದ ರಾಣೆಬೆನ್ನೂರು ಸೀಮೆ ಬ್ರಿಟಿಷರ ಬಾಂಬೆ ಪ್ರಾಂತ್ಯದ್ದು. ಎರಡೂ ದಡದ ಜನ ಕನ್ನಡದವರೇ. ಒಂದೇ ತುಂಗಭದ್ರೆ ನೀರು ಕುಡಿಯೋರು, ಹೆಣ್ಣು ಕೊಟ್ಟು ತರೋರು. ಆದ್ರೆ ಕೋರ್ಟು, ಕಂದಾಯ, ಶಾಲೆ, ಎಲ್ಲಾ ಬೇರೆ ಬೇರೆ.

ಆ ಗಡಿಯನ್ನ ರೈಲು ದಿನಾ ದಾಟ್ತಿತ್ತು. ಹರಿಹರದ ಪ್ಲಾಟ್‌ಫಾರ್ಮ್ ಮೇಲೆ ನಿಂತು ರೈಲು ಹೋಗೋದನ್ನ ನೋಡಿದವನ ಕಣ್ಣೆದುರಿಗೇ ಅದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿಬಿಡ್ತಿತ್ತು. ಹಳಿ ಹರಿಹರಕ್ಕೆ ಬಂದ ಮರುವರ್ಷ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾಯ್ತು. 1922ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ದಾವಣಗೆರೆಯಲ್ಲೇ ನಡೀತು, ತಾತಯ್ಯ ಅಂತಲೇ ಹೆಸರಾದ ಎಂ. ವೆಂಕಟಕೃಷ್ಣಯ್ಯ ಅಧ್ಯಕ್ಷರು. ಮೈಸೂರು ಕಡೆಯವರಿಗೂ ಧಾರವಾಡ ಕಡೆಯವರಿಗೂ ಒಂದೇ ಹಳಿ ಮೇಲೆ ಸಿಗೋ ನಡುವಿನ ಊರು ಅದು. ಏಕೀಕರಣದ ಕಥೆ ಹೇಳುವಾಗ ನಾವು ಭಾಷಣ, ಪತ್ರಿಕೆ, ನಾಯಕರ ಹೆಸರು ಹೇಳ್ತೀವಿ. ಇವರೆಲ್ಲ ಓಡಾಡಿದ್ದು ಯಾವುದರಲ್ಲಿ ಅನ್ನೋದನ್ನ ಮರೀತೀವಿ. ನನ್ನ ಕೇಳಿದ್ರೆ 1956ರ ನವೆಂಬರ್ 1ಕ್ಕೆ ಆದ ಕೆಲಸವನ್ನ ಈ ಹಳಿ 67 ವರ್ಷ ಮೊದಲೇ ಸದ್ದಿಲ್ಲದೆ ಶುರು ಮಾಡಿತ್ತು. ಸದ್ದಿಲ್ಲದೆ ಅಂದ್ರೆ ತಪ್ಪಾಗುತ್ತೆ, ಭರ್ಜರಿ ಸದ್ದು ಮಾಡ್ಕೊಂಡೇ.

ಇನ್ನು ದಾವಣಗೆರೆ. 1901ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ ಸುಮಾರು 10 ಸಾವಿರ. 2011ರಲ್ಲಿ 4.3 ಲಕ್ಷ ದಾಟಿತ್ತು. ಕಂಬಳಿ ವ್ಯಾಪಾರದ ಪೇಟೆ ಹತ್ತಿ ಗಿರಣಿಗಳ ಊರಾಯ್ತು, 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನೋ ಹೆಸರು ಬಂತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಲೇತ್ ಮೆಷಿನ್ ತಯಾರಾಗೋಕೆ ಹತ್ತಿತು. ಗಿರಣಿಗಳೂ ಇವತ್ತಿಲ್ಲ, ಆ ಕಾರ್ಖಾನೆಯೂ ಇಲ್ಲ. ಉಳಿದಿರೋದು ಹಳಿ ಮಾತ್ರ. ಅದೂ ಹಳೇದಲ್ಲ.

ಹೌದು, ನಿಮ್ಮಲ್ಲಿ ಬಹಳಷ್ಟು ಜನಕ್ಕೆ ಗೊತ್ತಿರಲಿಕ್ಕಿಲ್ಲ, ಇದು ಮೀಟರ್ ಗೇಜ್ ಲೈನ್ ಆಗಿತ್ತು. ಎರಡು ಕಂಬಿಗಳ ನಡುವೆ ಬರೀ ಒಂದು ಮೀಟರ್ ಅಂತರ. ಬೆಂಗಳೂರಿಂದ ಮದ್ರಾಸಿಗೆ ಹೋಗೋದು ಬ್ರಾಡ್ ಗೇಜ್, ಅಲ್ಲಿ ಅಂತರ 1,676 ಮಿಲಿಮೀಟರ್. ಹಂಗಾಗಿ ದಾವಣಗೆರೆಯಲ್ಲಿ ಲೋಡ್ ಆದ ಹತ್ತಿ ಮೂಟೆ ಮದ್ರಾಸಿಗೆ ಹೋಗಬೇಕಂದ್ರೆ ಬೆಂಗಳೂರಲ್ಲಿ ಹಮಾಲರು ಒಂದು ವ್ಯಾಗನ್ನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. 1990ರ ದಶಕದಲ್ಲಿ ಇಲ್ಲಿನ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದ್ರು. ಒಳ್ಳೇದೇ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದರ ಜೊತೆಗೆ ನೂರು ವರ್ಷದ ಒಂದು ಲೋಕವೇ ಹೋಯ್ತು. ವೈಪಿ, ವೈಜಿ ಅನ್ನೋ ಉಗಿ ಎಂಜಿನ್‌ಗಳು, ಆಮೇಲೆ ಬಂದ ವೈಡಿಎಂ-4 ಡೀಸೆಲ್‌ಗಳು, ಕಿಟಕಿಯಿಂದ ಕಣ್ಣಿಗೆ ಬೀಳ್ತಿದ್ದ ಕಲ್ಲಿದ್ದಲ ಕಿಡಿ. ಹಳಿ ಯಾವತ್ತು ಬದಲಾಯ್ತು, ಎಷ್ಟು ಖರ್ಚಾಯ್ತು ಅನ್ನೋದು ಸರ್ಕಾರಿ ಕಡತದಲ್ಲಿ ಇರುತ್ತೆ. ಸಂಜೆ ಗಾಡಿಯ ಸೀಟಿ ಹೆಂಗಿತ್ತು, ಗಿರಣಿ ಪಾಳಿ ಬಿಟ್ಟಾಗ ಪ್ಲಾಟ್‌ಫಾರ್ಮ್ ಹೆಂಗೆ ತುಂಬ್ತಿತ್ತು ಅನ್ನೋದು ಕಡತದಲ್ಲಿ ಸಿಗಲ್ಲ. ಅದು ನೋಡಿದವರ ತಲೆಯಲ್ಲಿದೆ, ಅವರಿಗೆ ಈಗ ಐವತ್ತು, ಅರವತ್ತು, ಎಪ್ಪತ್ತು ವರ್ಷ. ನಿಮ್ಮ ಅಪ್ಪ, ದೊಡ್ಡಪ್ಪ, ಅಜ್ಜಿ.

ಭಾರತದಲ್ಲೂ ರೈಲು ನೋಡೋ ಹುಚ್ಚಿನವರು ಒಟ್ಟಾಗಿದ್ದಾರೆ. ಐಆರ್‌ಎಫ್‌ಸಿಎ ಅನ್ನೋ ಅಭಿಮಾನಿಗಳ ಬಳಗ 1989ರಿಂದಲೇ ಇದೆ. ಈಗಂತೂ ಕೈಯಲ್ಲೇ ಕ್ಯಾಮೆರಾ. 2023ರ ಜೂನ್ 27ಕ್ಕೆ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ದಾವಣಗೆರೆಯಲ್ಲಿ ನಿಲುಗಡೆ ಸಿಕ್ತು, ಹರಿಹರಕ್ಕೆ ಸಿಗಲಿಲ್ಲ. ಒಂದು ಕಾಲಕ್ಕೆ ರಾಜ್ಯದ ಕೊನೇ ಸ್ಟೇಷನ್ ಆಗಿದ್ದ ಊರನ್ನ ಹೊಸ ರೈಲು ನಿಲ್ಲದೆ ದಾಟಿಕೊಂಡು ಹೋಯ್ತು. ರೀಲ್ಸ್ ಬೇಕಾದಷ್ಟು ಬಂದ್ವು. ಆದ್ರೆ ಹಾಡು ಹಾಕಿದ ಹದಿನೈದು ಸೆಕೆಂಡಿನ ವಿಡಿಯೋದಲ್ಲಿ ತಾರೀಕಿಲ್ಲ, ಊರಿಲ್ಲ, ರೈಲಿನ ಸ್ವಂತ ಸದ್ದೂ ಇಲ್ಲ.

ಹಾಗಾದ್ರೆ ನೋಡೋದು ಹೆಂಗೆ? ಎಂಜಿನ್ ಮೈಮೇಲಿನ ಅಕ್ಷರದಿಂದ ಶುರು ಮಾಡಿ. ಮೊದಲ ಅಕ್ಷರ ಡಬ್ಲ್ಯು ಇದ್ರೆ ಬ್ರಾಡ್ ಗೇಜ್, ವೈ ಇದ್ರೆ ಮೀಟರ್ ಗೇಜ್. ಎರಡನೇದು ಡಿ ಅಂದ್ರೆ ಡೀಸೆಲ್, ಎ ಅಂದ್ರೆ ಎಸಿ ಕರೆಂಟು. ಆಮೇಲೆ ಪಿ ಬಂದ್ರೆ ಪ್ಯಾಸೆಂಜರ್, ಜಿ ಬಂದ್ರೆ ಗೂಡ್ಸ್. ಈಗ ಡಬ್ಲ್ಯುಎಪಿ-7 ಅಂತ ಕಂಡ್ರೆ ನೀವೇ ಬಿಡಿಸಿ ಓದಬಹುದು. ಪಕ್ಕದಲ್ಲಿ ಐದಂಕಿಯ ನಂಬರ್, ಜೊತೆಗೆ ಎಂಜಿನ್ನಿನ ತವರುಮನೆ, ಅಂದ್ರೆ ಶೆಡ್ ಹೆಸರು. ಕೆಜೆಎಂ ಅಂದ್ರೆ ಕೃಷ್ಣರಾಜಪುರಂ, ಯುಬಿಎಲ್ ಅಂದ್ರೆ ಹುಬ್ಬಳ್ಳಿ. ತಾರೀಕು, ಹೊತ್ತು, ನಂಬರ್, ಶೆಡ್, ಇಷ್ಟನ್ನ ಫೋನಿನ ನೋಟ್ಸಲ್ಲಿ ಹಾಕ್ಕೊಂಡ್ರೆ ಸಾಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಪ್ಲಾಟ್‌ಫಾರ್ಮ್ ಬಿಟ್ಟು ಕೆಳಗೆ ಇಳೀಬೇಡಿ, ಹರಿಹರದ ಸೇತುವೆ ಮೇಲಂತೂ ಕಾಲಿಡಲೇಬೇಡಿ. ಹಳಿ ಮೇಲೆ ಹೋಗೋದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೂ ಜೈಲು ಆಗಬಹುದು. ಜೈಲು ಬಿಡಿ, ಕರೆಂಟಿನ ಎಂಜಿನ್ ಹಳೇ ಡೀಸೆಲ್ ತರ ದೂರದಿಂದಲೇ ಗುಡುಗಲ್ಲ. ಅದು ಹತ್ತಿರ ಬಂದಿದ್ದು ಇಯರ್‌ಫೋನ್ ಹಾಕ್ಕೊಂಡವರಿಗೆ ಗೊತ್ತೇ ಆಗಲ್ಲ.

ಮನೆಯಲ್ಲಿ ಹಳೇ ಆಲ್ಬಮ್ ಇದ್ರೆ ಈ ಭಾನುವಾರ ತೆಗೀರಿ. ಮದುವೆಗೋ ಜಾತ್ರೆಗೋ ಹೊರಟಾಗ ಸ್ಟೇಷನ್‌ನಲ್ಲಿ ತೆಗೆಸಿದ ಫೋಟೋ ಒಂದಾದ್ರೂ ಇರುತ್ತೆ. ಜನರ ಹಿಂದೆ ಬೋಗಿ ಕಾಣ್ತಿದ್ಯಾ, ನಂಬರ್ ಓದೋಕೆ ಆಗುತ್ತಾ ನೋಡಿ. ಯಾವ ವರ್ಷ, ಎಲ್ಲಿಗೆ ಹೊರಟಿದ್ರು ಅಂತ ಅಜ್ಜಿನ ಕೇಳಿ ಫೋಟೋ ಹಿಂದೆ ಬರೆದುಬಿಡಿ. ಪೆನ್ಸಿಲ್‌ನಲ್ಲಿ ಬರೀರಿ, ಪೆನ್ನಿನ ಶಾಯಿ ಈ ಕಡೆಗೆ ಇಳಿದುಬಿಡುತ್ತೆ.