ಸ್ವಯಂಚಾಲಿತ ಜಾಲ ಅನುಸ್ಥಾಪನೆಯಲ್ಲಿ ಡಿಸ್ಕ್ ಅನುಕ್ರಮದ ನಿಯಂತ್ರಣ

ಗಣಕಯಂತ್ರವೊಂದು ಸಿಡಿ, ಪೆನ್‌ಡ್ರೈವ್‌ಗಳ ನೆರವಿಲ್ಲದೆ ಜಾಲದಲ್ಲಿರುವ ಸರ್ವರ್‌ನಿಂದಲೇ ಬೂಟ್ ಆಗಿ, ಮೊದಲೇ ಬರೆದಿಟ್ಟ ಉತ್ತರಗಳ ಕಡತವನ್ನು ಓದಿಕೊಂಡು, ಯಾರೂ ಕೀಲಿಮಣೆ ಮುಟ್ಟದೆಯೇ ಕಾರ್ಯಾಚರಣ ವ್ಯವಸ್ಥೆಯನ್ನು ತನ್ನೊಳಗೆ ಸ್ಥಾಪಿಸಿಕೊಳ್ಳುವ ಕ್ರಮವನ್ನು ಸ್ವಯಂಚಾಲಿತ ಜಾಲ ಅನುಸ್ಥಾಪನೆ ಎನ್ನುತ್ತಾರೆ. ಎರಡು ಅಥವಾ ಹೆಚ್ಚು ಡಿಸ್ಕ್‌ಗಳಿರುವ ಯಂತ್ರದಲ್ಲಿ ಯಾವುದನ್ನು ಅಳಿಸಬೇಕು, ಯಾವುದನ್ನು ಮುಟ್ಟಬಾರದು ಎಂಬ ತೀರ್ಮಾನವನ್ನು ಈ ಕ್ರಮದಲ್ಲಿ ಕಡತವೇ ಮಾಡಬೇಕಾಗುವುದರಿಂದ, ವ್ಯವಸ್ಥೆಯ ತಿರುಳಾದ ಕರ್ನಲ್ ಡಿಸ್ಕ್‌ಗಳನ್ನು ಯಾವ ಅನುಕ್ರಮದಲ್ಲಿ ಗುರುತಿಸುತ್ತದೆ ಎಂಬುದು ವ್ಯವಸ್ಥಾ ನಿರ್ವಾಹಕರ ಹಳೆಯ ತಲೆನೋವುಗಳಲ್ಲಿ ಒಂದಾಗಿದೆ.

ಜಾಲದಿಂದ ಬೂಟ್ ಮಾಡಲು ಬೇಕಾದ ಸಲಕರಣೆಗಳು ಹಂತಹಂತವಾಗಿ ಕೂಡಿಬಂದವು. ಸಣ್ಣ ಕಡತಗಳನ್ನು ಸಾಗಿಸುವ ಟಿಎಫ್‌ಟಿಪಿ 1981ರಲ್ಲೂ, ಡಿಸ್ಕ್ ಇಲ್ಲದ ಯಂತ್ರಕ್ಕೆ ವಿಳಾಸ ಕೊಡುವ ಬೂಟ್‌ಪಿ 1985ರಲ್ಲೂ, ಅದರ ಮುಂದುವರಿಕೆಯಾದ ಡಿಎಚ್‌ಸಿಪಿ 1993ರಲ್ಲೂ ಪ್ರಕಟವಾದವು. ಇವನ್ನೆಲ್ಲ ಜೋಡಿಸಿ ಜಾಲ ಕಾರ್ಡಿನಲ್ಲೇ ಬೂಟ್ ಸೌಲಭ್ಯ ಒದಗಿಸುವ ಪಿಎಕ್ಸ್‌ಇ ನಿರ್ದಿಷ್ಟತೆಯ 2.1ನೇ ಆವೃತ್ತಿಯನ್ನು ಇಂಟೆಲ್ 1999ರಲ್ಲಿ ಹೊರತಂದಿತು. ಉತ್ತರಗಳ ಕಡತವನ್ನು ಸನ್ ಸಂಸ್ಥೆಯ ಸೋಲಾರಿಸ್‌ನಲ್ಲಿ ಜಂಪ್‌ಸ್ಟಾರ್ಟ್, ರೆಡ್‌ಹ್ಯಾಟ್ ಲಿನಕ್ಸ್‌ನಲ್ಲಿ ಕಿಕ್‌ಸ್ಟಾರ್ಟ್, ಸೂಸೆಯಲ್ಲಿ ಆಟೋಯಾಸ್ಟ್, ಡೆಬಿಯನ್‌ನಲ್ಲಿ ಪ್ರೀಸೀಡ್ ಎಂಬ ಹೆಸರುಗಳಿಂದ ಕರೆಯಲಾಯಿತು.

ಆರಂಭದ ವರ್ಷಗಳಲ್ಲಿ ಅನುಕ್ರಮದ ಸಮಸ್ಯೆ ಅಷ್ಟಾಗಿ ಕಾಡಲಿಲ್ಲ. ಸೋಲಾರಿಸ್ ಡಿಸ್ಕಿನ ಹೆಸರಿನಲ್ಲೇ ನಿಯಂತ್ರಕ, ಗುರಿ, ಡಿಸ್ಕ್ ಮತ್ತು ಭಾಗಗಳ ಸಂಖ್ಯೆಗಳನ್ನು ಸೇರಿಸಿ, ಒಮ್ಮೆ ಕೊಟ್ಟ ಸಂಖ್ಯೆಯನ್ನು ಕಡತವೊಂದರಲ್ಲಿ ದಾಖಲಿಸಿಡುತ್ತಿತ್ತು. ಲಿನಕ್ಸ್‌ನಲ್ಲಿ ಐಡಿಇ ಡಿಸ್ಕಿನ ಹೆಸರು ಅದನ್ನು ಸಿಕ್ಕಿಸಿದ ಕೇಬಲ್ಲಿನ ಸ್ಥಾನವನ್ನೇ ಹೇಳುತ್ತಿತ್ತು: ಮೊದಲ ಕೇಬಲ್ಲಿನ ಮಾಸ್ಟರ್ ಎಚ್‌ಡಿಎ, ಎರಡನೆಯ ಕೇಬಲ್ಲಿನ ಮಾಸ್ಟರ್ ಎಚ್‌ಡಿಸಿ, ಎಚ್‌ಡಿಎಯನ್ನು ಕಿತ್ತುಹಾಕಿದರೂ ಎಚ್‌ಡಿಸಿ ತನ್ನ ಹೆಸರು ಬಿಡುತ್ತಿರಲಿಲ್ಲ. ಸ್ಕಜಿ ಡಿಸ್ಕ್‌ಗಳ ರೀತಿ ಬೇರೆಯಾಗಿತ್ತು. ಕರ್ನಲ್‌ಗೆ ಮೊದಲು ಕಂಡದ್ದು ಎಸ್‌ಡಿಎ, ನಂತರ ಕಂಡದ್ದು ಎಸ್‌ಡಿಬಿ ಎಂಬ ಈ ಪದ್ಧತಿಯಲ್ಲಿ ಅಕ್ಷರವು ಸರದಿಯ ಗುರುತು ಮಾತ್ರವಾಗಿದ್ದು, ಡಿಸ್ಕಿನ ಗುರುತಾಗಿರಲಿಲ್ಲ. ಲಿಬ್‌ಅಟಾ ಡ್ರೈವರ್‌ಗಳು ಐಡಿಇ ಮತ್ತು ಸಾಟಾ ಡಿಸ್ಕ್‌ಗಳನ್ನೂ ಸ್ಕಜಿ ಪದರದಡಿ ತಂದ ಬಳಿಕ, 2007ರ ಫೆಡೋರಾ 7ರ ಹೊತ್ತಿಗೆ ಸಾಮಾನ್ಯ ಮೇಜಿನ ಗಣಕಯಂತ್ರವೂ ಈ ಸರದಿಗೆ ಒಳಪಟ್ಟಿತು. ಯುಎಸ್‌ಬಿ ಸಾಧನಗಳು ಮೊದಲೇ ಅದರಲ್ಲಿದ್ದವು.

ಇದರ ಪರಿಣಾಮ ಸರ್ವರ್‌ಗಳಲ್ಲಿ ಎಲ್ಲಕ್ಕಿಂತ ತೀವ್ರವಾಗಿತ್ತು. ಒಳಗಿನ ರೇಡ್ ನಿಯಂತ್ರಕದ ಜೊತೆಗೆ, ಹೊರಗಿನ ಸಂಗ್ರಹಣ ಜಾಲಕ್ಕೆ ಅಂದರೆ ಸ್ಯಾನ್‌ಗೆ ಸೇರಿಸುವ ಫೈಬರ್ ಚಾನೆಲ್ ಕಾರ್ಡೂ ಇರುವ ಯಂತ್ರದಲ್ಲಿ ಕಾರ್ಡಿನ ಡ್ರೈವರ್ ಮೊದಲು ಲೋಡ್ ಆದರೆ, ಸ್ಯಾನ್‌ನ ದತ್ತಾಂಶ ಡಿಸ್ಕೇ ಎಸ್‌ಡಿಎ ಆಗಿ, ಒಳಗಿನ ಡಿಸ್ಕ್ ಸರದಿಯಲ್ಲಿ ಹಿಂದೆ ಬೀಳುತ್ತದೆ. ಎಲ್ಲ ಪಾರ್ಟಿಷನ್‌ಗಳನ್ನೂ ಅಳಿಸು ಎಂಬ ಕಿಕ್‌ಸ್ಟಾರ್ಟ್ ಆದೇಶ ಅಲ್ಲಿ ಏನು ಮಾಡುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಡ್ರೈವರ್‌ಗಳು ಲೋಡ್ ಆಗುವ ಕ್ರಮವನ್ನು ಕಡತದಲ್ಲಿ ಬರೆದಿಡುವುದು, ಅನುಸ್ಥಾಪನೆಯ ಅವಧಿಗೆ ಫೈಬರ್ ಡ್ರೈವರನ್ನು ಬೂಟ್ ಸಾಲಿನಲ್ಲೇ ನಿಷೇಧಿಸುವುದು, ಸ್ವಿಚ್‌ನಲ್ಲಿ ಆ ಯಂತ್ರಕ್ಕೆ ಸ್ಯಾನ್ ಕಾಣದಂತೆ ಮಾಡುವುದು ರೂಢಿಗೆ ಬಂದ ಪರಿಹಾರಗಳು. ಕೇಬಲ್ ಕಳಚಿಡುವುದು ಇವೆಲ್ಲಕ್ಕಿಂತ ಒರಟು ಉಪಾಯವಾದರೂ ಎಲ್ಲಕ್ಕಿಂತ ನಂಬಿಕೆಯದು.

ಬಯಾಸ್ ಯಾವ ಡಿಸ್ಕನ್ನು ಮೊದಲನೆಯದೆಂದು ಎಣಿಸುತ್ತದೆಯೋ ಅದನ್ನೇ ಆರಿಸುವುದು ಇನ್ನೊಂದು ದಾರಿಯಾಗಿತ್ತು. ಡೆಲ್ ಸಂಸ್ಥೆಯ ಮ್ಯಾಟ್ ಡಾಮ್ಷ್ ಬರೆದ ಇಡಿಡಿ ಡ್ರೈವರ್, ಬಯಾಸ್ ಕೊಡುವ ಡಿಸ್ಕ್ ವಿವರಗಳನ್ನೂ ಪ್ರತಿ ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿರುವ 4 ಬೈಟ್‌ಗಳ ಸಹಿಯನ್ನೂ ಕರ್ನಲ್‌ಗೆ ತಲುಪಿಸಿತು. ಆದರೆ ಪೆಟ್ಟಿಗೆಯಿಂದ ಆಗತಾನೆ ತೆಗೆದ ಖಾಲಿ ಡಿಸ್ಕ್‌ಗಳಲ್ಲಿ ಆ ಸಹಿ ಸೊನ್ನೆಯೇ ಆಗಿರುವುದರಿಂದ ಒಂದನ್ನೊಂದು ಬೇರ್ಪಡಿಸಲು ಅದು ನೆರವಾಗದು. ಹೊಸ ಯಂತ್ರಗಳನ್ನು ಸಾಲಾಗಿ ಸಿದ್ಧಪಡಿಸುವಾಗಲೇ ಈ ಕೊರತೆ ಎದುರಾಗುತ್ತಿತ್ತು.

ತುಮಕೂರು ಜಿಲ್ಲೆಯಂಥ ಕಡೆ ಈ ವಿಷಯ ದತ್ತಾಂಶ ಕೇಂದ್ರಗಳಿಗಿಂತ ಹೆಚ್ಚಾಗಿ ಕಾಲೇಜುಗಳ ಗಣಕ ಪ್ರಯೋಗಾಲಯಗಳಿಗೆ ಸಂಬಂಧಿಸಿದ್ದು. ನಗರದಲ್ಲಿ 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯ, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯ, ಕುಣಿಗಲ್‌ನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮೊದಲಾದ ಕಡೆ ಒಂದೇ ಬಗೆಯ ಹತ್ತಾರು ಯಂತ್ರಗಳಿಗೆ ಒಟ್ಟಿಗೆ ವ್ಯವಸ್ಥೆ ತುಂಬಬೇಕಾದಾಗ ಜಾಲ ಅನುಸ್ಥಾಪನೆ ಸಹಜವಾದ ಆಯ್ಕೆ. ಇಂಥ ಪ್ರಯೋಗಾಲಯಗಳಲ್ಲಿ ಗೊಂದಲ ಹುಟ್ಟುವುದು ಹಳೆಯ ಯಂತ್ರಗಳಿಗೆ ಎಸ್‌ಎಸ್‌ಡಿ ಸೇರಿಸಿದಾಗ. ಹೊಸ ಎಸ್‌ಎಸ್‌ಡಿಯನ್ನು ಎರಡನೆಯ ಸಾಟಾ ಕಿಂಡಿಗೆ ಸಿಕ್ಕಿಸಿದ್ದರೆ ಹಳೆಯ ಹಾರ್ಡ್ ಡಿಸ್ಕೇ ಸಾಮಾನ್ಯವಾಗಿ ಎಸ್‌ಡಿಎ ಆಗಿ ಉಳಿಯುತ್ತದೆ. ಹೊಸ ಎಸ್‌ಎಸ್‌ಡಿ ಎನ್‌ವಿಎಂಇ ಬಗೆಯದಾಗಿದ್ದರೆ ಎಸ್‌ಡಿ ಸರದಿಯಲ್ಲೇ ಇರುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಎಸ್‌ಡಿಎ ಎಂದು ಬರೆದ ಹಳೆಯ ಕಡತ, ವಿಂಡೋಸ್ ಮತ್ತು ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿರುವ ಡಿಸ್ಕನ್ನೇ ಅಳಿಸುತ್ತದೆ. ಸಿಬ್ಬಂದಿ ಒಂದು ಯಂತ್ರದಲ್ಲಿ ಮರೆತ ಪೆನ್‌ಡ್ರೈವ್ ಕೂಡ ಸರದಿಯನ್ನು ಕದಲಿಸಬಲ್ಲದು.

ನಿರ್ಣಾಯಕ ತಿರುವು ಬಂದದ್ದು ಅನುಕ್ರಮವನ್ನು ಹಿಡಿತಕ್ಕೆ ತಂದದ್ದರಿಂದಲ್ಲ, ಅದನ್ನು ನೆಚ್ಚುವುದನ್ನು ಬಿಟ್ಟದ್ದರಿಂದ. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಆರಂಭಿಸಿದ ಯುಡೆವ್, ಡಿಸ್ಕಿನ ಮಾದರಿ ಮತ್ತು ಕ್ರಮಸಂಖ್ಯೆ, ಜಗತ್ತಿನಲ್ಲೇ ಅನನ್ಯವಾದ ಡಬ್ಲ್ಯುಡಬ್ಲ್ಯುಎನ್ ಸಂಖ್ಯೆ, ಯಂತ್ರದೊಳಗಿನ ಸ್ಥಾನ ಇವುಗಳ ಆಧಾರದ ಮೇಲೆ ಸ್ಥಿರವಾದ ಕೊಂಡಿಗಳನ್ನು ಸೃಷ್ಟಿಸಲು ಅನುವು ಮಾಡಿತು. ಕಿಕ್‌ಸ್ಟಾರ್ಟ್‌ನ ಇಗ್ನೋರ್‌ಡಿಸ್ಕ್ ಆದೇಶಕ್ಕೆ ಅಕ್ಷರದ ಬದಲು ಈ ಕೊಂಡಿಯನ್ನೇ ಕೊಟ್ಟು ಉಳಿದ ಡಿಸ್ಕ್‌ಗಳೆಲ್ಲವನ್ನೂ ಅನುಸ್ಥಾಪಕದ ಕಣ್ಣಿನಿಂದ ಮರೆಮಾಡಬಹುದಾಯಿತು. ಡಿಸ್ಕ್‌ಗಳನ್ನು ಒಂದಾದ ಮೇಲೊಂದರಂತೆ ತಪಾಸಣೆ ಮಾಡುವ ಬದಲು ಏಕಕಾಲಕ್ಕೆ ಮಾಡಿ ಬೂಟ್ ಸಮಯ ಉಳಿಸುವ ಪ್ರವೃತ್ತಿ ಕರ್ನಲ್‌ನಲ್ಲಿ ಬೆಳೆದಂತೆ ಈ ಕ್ರಮ ಅನಿವಾರ್ಯವೂ ಆಯಿತು, ಏಕೆಂದರೆ ಈಗ ಒಂದೇ ಯಂತ್ರದಲ್ಲಿ ಎರಡು ಬೂಟ್‌ಗಳ ನಡುವೆಯೂ ಅಕ್ಷರಗಳು ಬದಲಾಗಬಹುದು.

ಕ್ರಮಸಂಖ್ಯೆ ಒಂದು ಯಂತ್ರಕ್ಕೆ ಸರಿ, ನೂರು ಯಂತ್ರಗಳಿಗೆ ಒಂದೇ ಕಡತ ಬರೆಯುವವರಿಗೆ ಅದು ಒದಗದು. ಅದಕ್ಕಾಗಿ ಕಿಕ್‌ಸ್ಟಾರ್ಟ್‌ನ ಪೂರ್ವಭಾಗದಲ್ಲಿ ಸಣ್ಣ ಸ್ಕ್ರಿಪ್ಟ್ ಓಡಿಸಿ, ತೆಗೆಯಬಹುದಾದ ಸಾಧನಗಳನ್ನು ಬಿಟ್ಟು, ಉಳಿದವುಗಳಲ್ಲಿ ಗಾತ್ರಕ್ಕೆ ಹೊಂದುವುದನ್ನು ಆರಿಸಿ, ಅದರ ಹೆಸರನ್ನು ಇನ್ನೊಂದು ಕಡತಕ್ಕೆ ಬರೆದು ಮುಖ್ಯ ಕಡತದೊಳಗೆ ಸೇರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಮುಂದೆ ಅನುಸ್ಥಾಪಕಗಳೇ ಈ ವಿವೇಚನೆಯನ್ನು ಮೈಗೂಡಿಸಿಕೊಂಡವು. ವಿಎಂವೇರ್‌ನ ಇಎಸ್‌ಎಕ್ಸ್‌ಐ ಮೊದಲು ಸ್ಥಳೀಯ ಡಿಸ್ಕ್, ನಂತರ ಜಾಲದ ಡಿಸ್ಕ್, ಕೊನೆಗೆ ಯುಎಸ್‌ಬಿ ಎಂಬ ವರ್ಗಕ್ರಮದಲ್ಲಿ ಹುಡುಕುತ್ತದೆ. ಓಪನ್‌ಸ್ಟ್ಯಾಕ್‌ನ ಐರಾನಿಕ್ ಯೋಜನೆ ತಯಾರಕ, ಗಾತ್ರ, ತಿರುಗುವ ಡಿಸ್ಕೋ ಅಲ್ಲವೋ ಎಂಬ ಸುಳಿವುಗಳನ್ನು ಸ್ವೀಕರಿಸುತ್ತದೆ. 2020ರ ಉಬುಂಟು 20.04 ಸರ್ವರ್‌ನೊಂದಿಗೆ ಬಂದ ಆಟೋಇನ್‌ಸ್ಟಾಲ್‌ನಲ್ಲಿ ಅತಿ ದೊಡ್ಡ ಡಿಸ್ಕ್ ಎಂದೋ, ಇಂಥ ಮಾದರಿಯದು ಎಂದೋ ನೇರವಾಗಿ ಬರೆಯಬಹುದು. ಆದರೂ ಒಂದೇ ಗಾತ್ರದ, ಒಂದೇ ಮಾದರಿಯ ಎರಡು ಡಿಸ್ಕ್‌ಗಳಿರುವ ಯಂತ್ರದಲ್ಲಿ ಇಂಥ ಲಕ್ಷಣಗಳು ಸಾಲದಾಗುವುದರಿಂದ, ಅಲ್ಲಿ ಇಂದಿಗೂ ಡಿಸ್ಕ್ ಕೂರಿಸಿದ ಕಿಂಡಿಯನ್ನು ಸೂಚಿಸುವ ಕೊಂಡಿಯನ್ನೋ ಡಿಸ್ಕಿನ ಕ್ರಮಸಂಖ್ಯೆಯನ್ನೋ ಬಳಸಬೇಕಾಗುತ್ತದೆ.