ಬಂದು ಹೇಳಿದವರು, ಹೇಳದೆ ಉಳಿದವರು

ನಮ್ಮ ದೊಡ್ಡಬಳ್ಳಾಪುರ ಸೀಮೆಯ ಬಗ್ಗೆ ಹಿಂದಿನ ಪ್ರಯಾಣಿಕರು ಬರೆದದ್ದನ್ನು ಹುಡುಕಹೊರಟರೆ ಮೊದಲು ಕೈಗೆ ಸಿಗುವುದು ಒಬ್ಬ ಸ್ಕಾಟ್ಲೆಂಡಿನ ವೈದ್ಯನ ಪುಸ್ತಕ. ಆತನ ಹೆಸರು ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣವು 1799ರ ಮೇ ತಿಂಗಳಿನಲ್ಲಿ ಪತನವಾಯಿತಷ್ಟೆ. ಅದಾದ ಒಂದು ವರ್ಷದೊಳಗೆ ಗವರ್ನರ್ ಜನರಲ್ ವೆಲ್ಲೆಸ್ಲಿ ಈತನನ್ನು ಹೊಸದಾಗಿ ಕೈಗೆ ಬಂದ ಸೀಮೆಗಳನ್ನು ನೋಡಿ ವರದಿ ಮಾಡುವಂತೆ ಕಳುಹಿಸಿದ. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟವನು ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿ 1801ರಲ್ಲಿ ಮದ್ರಾಸಿಗೆ ಮರಳಿದ. 1807ರಲ್ಲಿ ಲಂಡನ್ನಿನಲ್ಲಿ ಅವನ ಬರಹ ಮೂರು ಸಂಪುಟಗಳಾಗಿ ಹೊರಬಂದಿತು. ಕೋಲಾರ, ಚಿಕ್ಕಬಳ್ಳಾಪುರ, ಮಧುಗಿರಿ, ಸಿರಾಗಳ ಜೊತೆಗೆ ನಮ್ಮ ಊರೂ 'ದೊಡ ಬಾಲಾಪುರ' ಎಂಬ ರೂಪದಲ್ಲಿ ಅದರಲ್ಲಿದೆ.

ಈ ಪುಸ್ತಕವನ್ನು ಓದುವಾಗ ನನಗೆ ಯಾವಾಗಲೂ ಎರಡು ಭಾವನೆಗಳು ಒಟ್ಟಿಗೆ ಬರುತ್ತವೆ. ಮೊದಲನೆಯದು ಬೆರಗು. ರಾಗಿಯನ್ನು ಯಾವಾಗ ಬಿತ್ತುತ್ತಾರೆ, ಎಷ್ಟು ಸಲ ಕುಂಟೆ ಹೊಡೆಯುತ್ತಾರೆ, ನೇಕಾರರಲ್ಲಿ ಯಾವ ಯಾವ ಪಂಗಡದವರು ಏನೇನು ನೇಯುತ್ತಾರೆ, ಕೆರೆಯ ನೀರನ್ನು ಹೇಗೆ ಹಂಚಿಕೊಳ್ಳುತ್ತಾರೆ, ಎಲ್ಲವನ್ನೂ ಆತ ಕೇಳಿ ಬರೆದಿಟ್ಟಿದ್ದಾನೆ. ಅಂದಿನ ನಮ್ಮ ರೈತರ ದಿನಚರಿ ತಿಳಿಯಲು ಇಷ್ಟು ವಿವರ ಇನ್ನೊಂದೆಡೆ ಸಿಗುವುದು ಕಷ್ಟ. ಎರಡನೆಯದು ಒಂದು ಬಗೆಯ ಕಸಿವಿಸಿ. ಆತ ಕೇಳಿದ ಪ್ರಶ್ನೆಗಳೆಲ್ಲ ಕಳುಹಿಸಿದ ಧಣಿಗೆ ಬೇಕಾದ ಪ್ರಶ್ನೆಗಳು. ಈ ನೆಲ ಎಷ್ಟು ಬೆಳೆಯುತ್ತದೆ, ಎಷ್ಟು ಕಂದಾಯ ಬಂದೀತು, ಇಲ್ಲಿಂದ ಏನನ್ನು ಸಾಗಿಸಬಹುದು? ಉತ್ತರ ಹೇಳಿದ ಗೌಡ, ಶ್ಯಾನುಭೋಗ, ನೇಕಾರ ಇವರ ಕಣ್ಣಿಗೆ ಆ ದೊರೆ ಹೇಗೆ ಕಂಡ, ಅವನು ಹೋದ ಮೇಲೆ ಜಗಲಿಯ ಮೇಲೆ ಕುಳಿತು ಇವರು ಏನು ಮಾತಾಡಿಕೊಂಡರು, ಅದನ್ನು ಯಾರೂ ಬರೆಯಲಿಲ್ಲ. ಪರದೇಶದ ಪ್ರವಾಸಿಗಳು ಭಾರತವನ್ನು ಕಂಡ ಬಗೆಯನ್ನೆಲ್ಲ ಹುಡುಕಿ 'ಪ್ರವಾಸಿ ಕಂಡ ಇಂಡಿಯಾ' ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದ ಎಚ್. ಎಲ್. ನಾಗೇಗೌಡರಿಗೆ ನಾವು ಋಣಿಗಳು. ಆದರೆ 'ಇಂಡಿಯಾ ಕಂಡ ಪ್ರವಾಸಿ' ಎಂಬ ಇನ್ನೊಂದು ಪುಸ್ತಕವನ್ನು ಯಾರು ಬರೆಯಬೇಕು?

ಹಾಗೆಂದು ನಮ್ಮವರು ಊರು ಬಿಟ್ಟು ಕದಲಿದವರೇ ಅಲ್ಲವೆಂದು ತಿಳಿಯಬಾರದು. ವರ್ಷಕ್ಕೊಮ್ಮೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಸುತ್ತಲ ಹತ್ತಾರು ಊರುಗಳಿಂದ ಗಾಡಿಗಳು ಹೊರಡುತ್ತಿದ್ದವು. ನಮ್ಮ ಊರಿನಿಂದ ಘಾಟಿ ಎಷ್ಟು ದೂರ? ಹತ್ತು ಮೈಲಿಯೂ ಇಲ್ಲ. ಆದರೂ ಅದಕ್ಕೆ ಎರಡು ದಿನದ ಸಿದ್ಧತೆ. ಕಮಾನು ಕಟ್ಟಿದ ಗಾಡಿ, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ, ಗಾಡಿಯ ಕೆಳಗೆ ತೂಗುವ ಲಾಟೀನು, ಬುತ್ತಿಯಲ್ಲಿ ಹುಳಿಯನ್ನ. ಹಳ್ಳಿಕಾರ್ ಎತ್ತುಗಳನ್ನು ಕೊಳ್ಳಲು ಉತ್ತರ ಕರ್ನಾಟಕದಿಂದ, ಆಂಧ್ರದಿಂದ, ತಮಿಳುನಾಡಿನಿಂದ ಬಂದವರ ಜೊತೆ ಮಾತಾಡುತ್ತಾ ನಮ್ಮ ಹಿರಿಯರು ತಾವು ಕಾಣದ ದೇಶಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಒಂದೇ ಕಲ್ಲಿನಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂಬದಿಯ ದೇವರು ಭಕ್ತರಿಗೆ ಕಾಣಲೆಂದು ಇಟ್ಟಿರುವ ಕನ್ನಡಿ. ಅದನ್ನು ಮೊದಲ ಸಲ ಕಂಡ ಮಕ್ಕಳಿಗೆ ಆಗುತ್ತಿದ್ದ ಆಶ್ಚರ್ಯ ನಯಾಗರಾ ನೋಡಿದವರ ಆಶ್ಚರ್ಯಕ್ಕಿಂತ ಕಡಿಮೆಯದಲ್ಲ ಎಂದು ನನ್ನ ಅಭಿಪ್ರಾಯ. (ನಯಾಗರಾ ನಾನು ನೋಡಿಲ್ಲ. ನೋಡಿದವರು ತಕರಾರು ಮಾಡಬಹುದು.)

ದೂರದ ಪ್ರಯಾಣವೆಂದರೆ ಕಾಶಿ. ಗಡಿಸೀಮೆಯಾದ ನಮ್ಮಲ್ಲಿ ತೆಲುಗು ಮಾತು ಹಾಸುಹೊಕ್ಕು. 'ಕಾಶೀಕಿ ಪೋಯಿನವಾಡು, ಕಾಟೀಕಿ ಪೋಯಿನವಾಡು ಒಕಟೇ' ಎಂಬ ಗಾದೆ ಹಿರಿಯರ ಬಾಯಲ್ಲಿ ಸದಾ ಇರುತ್ತಿತ್ತು. ಕಾಶಿಗೆ ಹೋದವನೂ ಮಸಣಕ್ಕೆ ಹೋದವನೂ ಒಂದೇ, ಇಬ್ಬರೂ ತಿರುಗಿ ಬರುವವರಲ್ಲ ಎಂದು ಅರ್ಥ. ತಿಂಗಳುಗಟ್ಟಲೆ ಕಾಲ್ನಡಿಗೆ, ಕಾಲರಾ, ದರೋಡೆ ಇವುಗಳ ನಡುವೆ ಅದು ಬರಿಯ ಉತ್ಪ್ರೇಕ್ಷೆಯೂ ಆಗಿರಲಿಲ್ಲ. ಆ ಕಾಲದ ಯಾತ್ರೆಯ ಚಿತ್ರ ನಮಗೆ ಸಿಗುವುದು ನೆರೆಯ ಭಾಷೆಗಳಲ್ಲಿ. ಮದ್ರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿಯವರು 1830ರ ಮೇ ತಿಂಗಳಲ್ಲಿ ದೊಡ್ಡ ಪರಿವಾರದೊಡನೆ ಹೊರಟು ಹೈದರಾಬಾದು, ನಾಗಪುರಗಳ ಮೇಲೆ ಕಾಶಿ ಮುಟ್ಟಿ 1831ರ ಸೆಪ್ಟೆಂಬರಿನಲ್ಲಿ ಹಿಂತಿರುಗಿದರು. ದಾರಿಯುದ್ದಕ್ಕೂ ಅವರು ಬರೆದದ್ದು 1838ರಲ್ಲಿ 'ಕಾಶೀಯಾತ್ರಾ ಚರಿತ್ರ' ಎಂದು ತೆಲುಗಿನಲ್ಲಿ ಅಚ್ಚಾಯಿತು. ಮರಾಠಿಯಲ್ಲಿ ವಿಷ್ಣುಭಟ್ಟ ಗೋಡ್ಸೆಯವರ 'ಮಾಝಾ ಪ್ರವಾಸ' ಇದೆ. ದಕ್ಷಿಣೆ ಸಂಪಾದಿಸಲು ಉತ್ತರಕ್ಕೆ ಹೋದ ಬಡ ವೈದಿಕರು 1857ರ ದಂಗೆಯ ನಡುವೆ ಸಿಕ್ಕಿಕೊಂಡು, ಝಾನ್ಸಿಯ ಮುತ್ತಿಗೆಯನ್ನು ಕಣ್ಣಾರೆ ಕಂಡು, ಬರಿಗೈಯಲ್ಲಿ ಮನೆ ಸೇರಿದ ಕಥೆ ಅದು.

ನಮ್ಮ ಊರಿನಿಂದಲೂ ಜನ ಕಾಶಿಗೆ ಹೋದರು, ಬಂದರು. ಅವರು ಬರೆಯಲಿಲ್ಲ, ಹೇಳಿದರು. ಅದಕ್ಕೆಂದೇ ಒಂದು ಏರ್ಪಾಡಿತ್ತು. ನನ್ನ ಅಜ್ಜಿ 1950ರ ದಶಕದಲ್ಲಿ ಕಾಶಿಗೆ ಹೋಗಿ ಬಂದವರು. ಆ ವೇಳೆಗೆ ನಡೆಯುವ ಕಷ್ಟವಿರಲಿಲ್ಲ. 1890ರ ದಶಕದ ಆರಂಭದಲ್ಲೇ ನಮ್ಮ ಊರಿನ ಮೇಲೆ ಹಿಂದೂಪುರದ ಕಡೆಗೆ ಮೀಟರ್ ಗೇಜ್ ರೈಲು ಬಂದಿತ್ತು. ಮಾಕಳಿದುರ್ಗದ ಬುಡದಲ್ಲಿ ಬಳಸಿಕೊಂಡು ಹೋಗುವ ಆ ದಾರಿ ಈಗಲೂ ನೋಡಲು ಚೆಂದ. ಗುಂತಕಲ್ಲಿನಲ್ಲಿ ಒಮ್ಮೆ, ಮನಮಾಡಿನಲ್ಲಿ ಒಮ್ಮೆ, ಆಮೇಲೆ ಇನ್ನೆಲ್ಲೋ ಒಮ್ಮೆ ಗಾಡಿ ಬದಲಿಸಿ ಹೋದರಂತೆ. ಹಿಂತಿರುಗಿದ ಮೇಲೆ ಸಮಾರಾಧನೆ. ಬಾಯಿಗೆ ಬೆಸುಗೆ ಹಾಕಿದ ಸಣ್ಣ ತಾಮ್ರದ ಗಂಗಾಥಾಲಿಗಳಿಗೆ ಪೂಜೆ ಮಾಡಿ, ಒಂದನ್ನು ಒಡೆದು ಬಂದವರಿಗೆಲ್ಲ ತೀರ್ಥ ಕೊಟ್ಟು, ಉಳಿದವನ್ನು ಮನೆಯಲ್ಲಿ ಕೊನೆಗಾಲಕ್ಕೆಂದು ಎತ್ತಿಡುತ್ತಿದ್ದರು. ಊಟವಾದ ಮೇಲೆ ಹೆಂಗಸರೆಲ್ಲ ಸುತ್ತ ಕುಳಿತು ಕೇಳಿದರೆಂದೂ, ಅಜ್ಜಿ ಮೂರು ದಿನ ಹೇಳಿದರೆಂದೂ ನನ್ನ ತಾಯಿ ನೆನೆಸಿಕೊಳ್ಳುತ್ತಿದ್ದರು. ನಾನು ಕೇಳುವ ಕಾಲಕ್ಕೆ ಅದು ಸವೆದು ನಾಲ್ಕಾರು ಪ್ರಸಂಗಗಳಾಗಿತ್ತು. ಕಾಶಿಯಲ್ಲಿ ಬಿಟ್ಟುಬಂದ ತರಕಾರಿ ಯಾವುದು (ಹಾಗಲಕಾಯಿ, ಅಜ್ಜಿಗೆ ಅದು ಮೊದಲೇ ಸೇರುತ್ತಿರಲಿಲ್ಲವೆಂಬುದು ಮನೆಯವರ ತಮಾಷೆ), ಇಟಾರ್ಸಿಯ ಚಳಿ, ಮತ್ತು ಗಯೆಯಲ್ಲಿ ಪಂಡನೊಬ್ಬ ಉದ್ದನೆಯ ವಹಿ ಬಿಚ್ಚಿ ನಮ್ಮ ಮನೆತನದ ಹಿಂದಿನವರು ಯಾರೋ ಬಂದಿದ್ದರೆಂದು ಹೆಸರು ಓದಿದ್ದು.

ಈ ಕೊನೆಯ ಪ್ರಸಂಗ ನನ್ನನ್ನು ಬಹಳ ಕಾಡಿದೆ. ನಮ್ಮ ಮನೆಯಲ್ಲಿ ಎಲ್ಲಿಯೂ ಇಲ್ಲದ ನಮ್ಮ ಹಿರಿಯರ ದಾಖಲೆ ಸಾವಿರ ಮೈಲಿಯಾಚೆ, ನಮ್ಮ ಭಾಷೆ ತಿಳಿಯದ ಒಬ್ಬನ ಮನೆಯ ಪೆಟ್ಟಿಗೆಯಲ್ಲಿತ್ತು. ಆ ಪಂಡರಿಗೆ ಅದು ವೃತ್ತಿ. ಯಾತ್ರಿಕರ ವಂಶ, ಊರು, ಬಂದ ವರ್ಷ ಬರೆದಿಟ್ಟುಕೊಂಡರೆ ಮುಂದಿನ ತಲೆಮಾರು ಅವರ ಬಳಿಗೇ ಬರುತ್ತದೆ. ಇದನ್ನೂ ಬುಕಾನನ್ನನ ಪಕ್ಕದಲ್ಲಿಟ್ಟು ನೋಡಬೇಕು. ಉಪಯೋಗವಿದ್ದವರು ಬರೆದುಕೊಂಡರು, ಹೋಗಿಬಂದವರು ಬರೆಯಲಿಲ್ಲ.

ಸಮುದ್ರ ದಾಟಿದವರ ಕಥೆ ಬೇರೆ. ನಮ್ಮ ನೆರೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿಬಂದರು. ಮುಂದೆ ಯೂರೋಪು, ಅಮೆರಿಕಗಳನ್ನು ಹಲವು ಬಾರಿ ಸುತ್ತಿದರು. ಹೈದರಾಬಾದಿನ ಮೂಸಿ ನದಿಯ ಪ್ರವಾಹವಾದ ಮೇಲೆ ನಿಜಾಮರ ಕರೆ ಅವರಿಗೆ ತಲುಪಿದ್ದು ಇಟಲಿಯಲ್ಲಿದ್ದಾಗ. 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ನೆನಪುಗಳನ್ನು ಓದಿದರೆ ಕಾರ್ಖಾನೆ, ಅಣೆಕಟ್ಟು, ಶಾಲೆಗಳ ಮಾತೇ ಮಾತು. ಕಡಲಿನ ಮೇಲೆ ಮೊದಲ ರಾತ್ರಿ ಹೇಗಿತ್ತು, ಊಟಕ್ಕೇನು ಮಾಡಿದಿರಿ ಎಂದು ಕೇಳಬೇಕೆನಿಸುತ್ತದೆ. ಅವರು ಹೇಳುವವರಲ್ಲ. ನೋಡಿದ್ದರಿಂದ ನಾಡಿಗೇನು ಪ್ರಯೋಜನ ಎಂಬ ಒಂದೇ ಅಳತೆಗೋಲು ಅವರದು. ಅಂಥವರಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ.

ಊಟಕ್ಕೇನು ಮಾಡಿದಿರಿ ಎಂಬ ಪ್ರಶ್ನೆಗೆ ಉತ್ತರ ಹೇಳಿದವರು ನಮ್ಮ ಸಾಹಿತಿಗಳು. ಆಕ್ಸ್‌ಫರ್ಡಿಗೆ ಓದಲು ಹೋದ ಗೋಕಾಕರು 'ಸಮುದ್ರದಾಚೆಯಿಂದ' ಬರೆದರು. ಕಾರಂತರು 'ಅಬೂವಿನಿಂದ ಬರಾಮಕ್ಕೆ', 'ಅಪೂರ್ವ ಪಶ್ಚಿಮ'ಗಳನ್ನು ಕೊಟ್ಟರು. ಬಿ. ಜಿ. ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು', ಕೃಷ್ಣಾನಂದ ಕಾಮತರ 'ನಾನೂ ಅಮೇರಿಕೆಗೆ ಹೋಗಿದ್ದೆ' ಇವು ಶಾಲೆಯ ಗ್ರಂಥಾಲಯದಲ್ಲಿ ಮಕ್ಕಳು ತಾವಾಗಿ ಕೇಳಿ ಓದುತ್ತಿದ್ದ ಪುಸ್ತಕಗಳು. ಹನ್ನೆರಡು ದಿನಗಳಲ್ಲಿ ಏಳು ದೇಶ ನೋಡಿ ಬಂದು, ಹೋಟೆಲಿನ ಹೆಸರು, ಗೋಪುರದ ಎತ್ತರಗಳನ್ನು ಪಟ್ಟಿಮಾಡುವ ಪುಸ್ತಕಗಳೂ ಕನ್ನಡದಲ್ಲಿ ಹೇರಳವಾಗಿವೆ. ಅವನ್ನು ನಾನು ಮಕ್ಕಳಿಗೆ ಸೂಚಿಸುತ್ತಿರಲಿಲ್ಲ.

ಇದರಲ್ಲಿ ಒಂದು ತಿರುವನ್ನು ಗಮನಿಸಬೇಕು. ಗೋಕಾಕರ, ಕಾಮತರ ಕಾಲಕ್ಕೆ ವಿದೇಶಕ್ಕೆ ಹೋದವರು ವಿದ್ಯಾರ್ಥಿಗಳು. 1965ರಲ್ಲಿ ಅಮೆರಿಕ ತನ್ನ ವಲಸೆಯ ಕಾನೂನನ್ನು ಬದಲಿಸಿತು. ನಮ್ಮ ಇಂಜಿನಿಯರುಗಳೂ ವೈದ್ಯರೂ ಅಲ್ಲಿ ನೆಲೆಸತೊಡಗಿದರು. ಅದಾದ ಮೇಲೆ ವಿಮಾನ ಹತ್ತಿದವರು ಅವರ ತಂದೆತಾಯಿಗಳು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕದಲ್ಲಿ ಗೊರೂರು' (ಇದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು), ಎ. ಎನ್. ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಎರಡೂ ಈ ಹೊಸ ಬಗೆಯವು. ಕಾಶಿಗೆ ಹೋಗುವ ವಯಸ್ಸಿನಲ್ಲಿ ನಮ್ಮ ಹಿರಿಯರು ಅಮೆರಿಕಕ್ಕೆ ಹೋಗತೊಡಗಿದರು.

ಗಂಡಸರು ಬರೆದರು. ಅವರ ಜೊತೆಗೆ, ಅಥವಾ ಒಂಟಿಯಾಗಿ, ಹೋದ ಹೆಂಗಸರು? ಪೆರು ದೇಶದವರೆಗೂ ಹೋಗಿ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದ ನೇಮಿಚಂದ್ರರಂಥವರು ಇದ್ದಾರೆ, ನಿಜ. ನಾನು ಹೇಳುತ್ತಿರುವುದು ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಹೋದ ತಾಯಂದಿರ ಮಾತು. ನಮ್ಮ ತಾಲ್ಲೂಕಿನಿಂದ ಎಷ್ಟು ಮಂದಿ ಹೀಗೆ ಹೋಗಿದ್ದಾರೆಂದು ಯಾರೂ ಲೆಕ್ಕ ಇಟ್ಟಿಲ್ಲ. ನಮ್ಮ ಬಂಧುಬಳಗದಲ್ಲೇ ನಾನು ಹನ್ನೊಂದು ಮಂದಿಯನ್ನು ಎಣಿಸಿದೆ.

ಅವರಲ್ಲಿ ನನ್ನ ಅತ್ತಿಗೆಯೂ ಒಬ್ಬರು. ಏಳನೆಯ ತರಗತಿಯವರೆಗೆ ಓದಿದವರು. ಮೊದಲ ಸಲ ಹೋದದ್ದು ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ವರ್ಷ, 2008ರಲ್ಲಿ. ಅಣ್ಣ ಆಗಲೇ ತೀರಿಕೊಂಡಿದ್ದರು. ಮಗ ಎರಡು ಕಾಗದಗಳನ್ನು ಬರೆದು ಕಳುಹಿಸಿದ್ದ. ಒಂದರಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್: ನೀರು ಬೇಕು, ನಾನು ಸಸ್ಯಾಹಾರಿ, ನನ್ನ ಮುಂದಿನ ವಿಮಾನ ಎಲ್ಲಿ. ಬೇಕಾದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು. ಇನ್ನೊಂದರಲ್ಲಿ ಅವನ ವಿಳಾಸ, ದೂರವಾಣಿ ಸಂಖ್ಯೆ. ಗದ್ದೆಯ ಬದುವಿನ ಮೇಲೆ ಬಿರುಸಾಗಿ ನಡೆಯುವ ಅತ್ತಿಗೆಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ಟಿನಲ್ಲಿ ಬರೆಸಿದ್ದ. ಕಾಲು ನೋವೆಂದಲ್ಲ, ಕುರ್ಚಿ ತಳ್ಳುವವನು ದಾರಿ ತಪ್ಪಿಸದೆ ಮುಂದಿನ ವಿಮಾನದ ಬಾಗಿಲಿಗೆ ಒಯ್ದು ಬಿಡುತ್ತಾನೆಂದು. ಈ ಉಪಾಯ ನಮ್ಮ ನಾಡಿನ ಸಾವಿರಾರು ತಾಯಂದಿರನ್ನು ಕಡಲು ದಾಟಿಸಿದೆ. ಯಾವ ಪ್ರವಾಸ ಕಥನದಲ್ಲಿಯೂ ನಾನು ಇದನ್ನು ಓದಿಲ್ಲ.

ಪೆಟ್ಟಿಗೆಯಲ್ಲಿ ಅಂಟಿನುಂಡೆ, ಮೆಂತ್ಯದ ಹಿಟ್ಟು, ಬಜೆ, ಹುಳಿಪುಡಿ, ಹಳೆಯ ಹತ್ತಿ ಸೀರೆಯ ಮೆತ್ತನೆಯ ತುಂಡುಗಳು. ಆರು ತಿಂಗಳು ಅಲ್ಲಿದ್ದರು. ಪ್ರವಾಸಿಗಳು ನೋಡುವ ಯಾವುದನ್ನೂ ಅವರು ಹೆಚ್ಚಾಗಿ ನೋಡಲಿಲ್ಲ. ಅಡಿಗೆಮನೆಯ ಕಿಟಕಿಯಿಂದ ಒಂದು ಮರ ಕಾಣುತ್ತಿತ್ತಂತೆ. ಅದರ ಎಲೆ ಕೆಂಪಾಗಿ, ಉದುರಿ, ಬರಲಾದದ್ದನ್ನು ಅವರು ದಿನದಿನಕ್ಕೆ ಹೇಳಬಲ್ಲರು. ಪಕ್ಕದ ಮನೆಯ ಮೆಕ್ಸಿಕೋದ ಮುದುಕಿಯೂ ಮೊಮ್ಮಗುವಿಗಾಗಿಯೇ ಬಂದವಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅವಳು ಜೋಳದ ಹಿಟ್ಟಿನ ರೊಟ್ಟಿ ತಟ್ಟುವುದನ್ನು ಅತ್ತಿಗೆ ನೋಡಿ, ಮರುದಿನ ತಾವು ರಾಗಿರೊಟ್ಟಿ ತಟ್ಟಿ ತೋರಿಸಿದರಂತೆ. ಇದನ್ನು ಕೇಳಿದಾಗ, ಬುಕಾನನ್ ಇವರನ್ನು ಕಂಡಿದ್ದರೆ ಎರಡು ಪುಟ ಬರೆದುಕೊಳ್ಳುತ್ತಿದ್ದ ಎನಿಸಿತು.

ಪ್ರೌಢಶಾಲೆಯಲ್ಲಿದ್ದಾಗ ಪ್ರತಿವರ್ಷ ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಮಕ್ಕಳನ್ನು ಕರೆದೊಯ್ದು ಬಂದ ಮೇಲೆ ಪ್ರಬಂಧ ಬರೆಸುತ್ತಿದ್ದೆ. ನಲವತ್ತು ಪುಸ್ತಕಗಳಲ್ಲಿ ಮೂವತ್ತೊಂಬತ್ತರಲ್ಲಿ ಶಿಲಾಬಾಲಿಕೆಯರೂ ಗೊಮ್ಮಟನ ಎತ್ತರವೂ ಇರುತ್ತಿದ್ದವು. ಒಂದು ವರ್ಷ ಒಬ್ಬ ಹುಡುಗಿ ಚನ್ನರಾಯಪಟ್ಟಣದ ಹತ್ತಿರ ಬಸ್ಸಿನ ಚಕ್ರ ಪಂಚರ್ ಆದದ್ದನ್ನೂ, ಚಾಲಕ ಚಕ್ರ ಬಿಚ್ಚುವಾಗ ತಾನು ನಟ್ಟುಗಳನ್ನು ಕೈಯಲ್ಲಿ ಹಿಡಿದು ನಿಂತದ್ದನ್ನೂ, ಅವು ಬಿಸಿಯಾಗಿದ್ದುದನ್ನೂ ಮಾತ್ರ ಬರೆದಿದ್ದಳು. ಅವಳಿಗೇ ಹೆಚ್ಚು ಅಂಕ ಕೊಟ್ಟೆ. ಅವಳು ಈಗ ಹೊರದೇಶದಲ್ಲಿದ್ದಾಳೆ. ಇದನ್ನು ಓದಿದರೆ ನಕ್ಕಾಳು.

ದೇವನಹಳ್ಳಿಯಲ್ಲಿ ಹಿಂದೆ ನ್ಯಾರೋಗೇಜಿನ ಪುಟ್ಟ ರೈಲು ಓಡುತ್ತಿದ್ದ ಮಾರ್ಗದಲ್ಲಿ 2021ರಿಂದ ವಿಮಾನ ನಿಲ್ದಾಣಕ್ಕೆಂದೇ ಒಂದು ರೈಲು ನಿಲುಗಡೆ ಆಗಿದೆ. ಚಕೋತನ ತೋಟಗಳೂ ರಾಗಿಯ ಹೊಲಗಳೂ ಇದ್ದ ಸೀಮೆ ಅದು. ಅಲ್ಲಿಂದ ಹೊರಡುವ ವಿಮಾನಗಳು ರಾತ್ರಿ ನಮ್ಮ ಮಾಳಿಗೆಗೆ ಕಾಣುತ್ತವೆ. ಅತ್ತಿಗೆ ಮೂರು ಸಲ ಹೋಗಿಬಂದವರಾದ್ದರಿಂದ ಇದು ದುಬೈಗೆ, ಇದು ಫ್ರಾಂಕ್‌ಫರ್ಟಿಗೆ ಎಂದು ಹೊತ್ತು ನೋಡಿ ಹೇಳುತ್ತಾರೆ. ಸರಿಯೋ ತಪ್ಪೋ, ನಾವಾರೂ ಎದುರು ಮಾತಾಡುವುದಿಲ್ಲ.

ಕಳೆದ ಯುಗಾದಿಯಿಂದ ನಾನು ಒಂದು ಇನ್ನೂರು ಪುಟದ ನೋಟ್ ಪುಸ್ತಕ ಇಟ್ಟುಕೊಂಡು, ಮಧ್ಯಾಹ್ನ ಅವರ ಕೆಲಸ ಮುಗಿದ ಮೇಲೆ ಕೇಳಿ ಬರೆದುಕೊಳ್ಳುತ್ತಿದ್ದೇನೆ. 'ಇದನ್ನೆಲ್ಲ ಯಾರು ಓದುತ್ತಾರೆ ಮೇಷ್ಟ್ರೇ' ಎಂದು ಹೇಳುತ್ತಲೇ ಹೇಳುತ್ತಾರೆ. ಅರವತ್ತೆರಡು ಪುಟವಾಗಿದೆ. ಮೊದಲ ಪ್ರಯಾಣದಲ್ಲಿ ಇನ್ನೂ ಫ್ರಾಂಕ್‌ಫರ್ಟ್ ಬಿಟ್ಟಿಲ್ಲ.