ಒಂದು ತಂತಿ, ಹಲವು ಸರದಿ: ರೂಟರ್ ಹಂಚಿಕೆಯ ನಾಲ್ಕು ದಶಕ

ರೂಟರ್‌ಗೆ ಹತ್ತು ದಿಕ್ಕಿನಿಂದ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ಚಿಕ್ಕ ಕಟ್ಟುಗಳು, ಬರುತ್ತವೆ, ಹೊರಹೋಗಲು ಇರುವುದು ಒಂದೇ ತಂತಿ. ಬರುವುದು ಹೋಗುವುದನ್ನು ಮೀರಿದ ಕ್ಷಣದಲ್ಲಿ ಯಾರು ಮೊದಲು, ಯಾರು ಕಾಯಬೇಕು, ಯಾರನ್ನು ಕೈಬಿಡಬೇಕು ಎಂಬುದನ್ನು ಅದು ತೀರ್ಮಾನಿಸಲೇಬೇಕು. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ. ಟಿಕೆಟ್ ಕೌಂಟರಿನ ಮುಂದೆ ಅದು ನ್ಯಾಯವೇ ಹೌದು, ಏಕೆಂದರೆ ಅಲ್ಲಿ ಒಬ್ಬನಿಗೆ ಒಂದೇ ದೇಹ. ಜಾಲದಲ್ಲಿ ಒಬ್ಬನೇ ಸಾವಿರ ಪ್ಯಾಕೆಟ್‌ಗಳಾಗಿ ಸಾಲಿನಲ್ಲಿ ನಿಲ್ಲಬಲ್ಲ. ಹಾಗಾಗಿ ಆ ನಿಯಮ ಹೆಚ್ಚು ತುರುಕಿದವನಿಗೇ ಹೆಚ್ಚು ಪಾಲು ಕೊಡುತ್ತದೆ. ಇದನ್ನು ಸರಿಪಡಿಸಲು ಎಂಜಿನಿಯರುಗಳು ಎರಡು ದಾರಿ ಹಿಡಿದರು. ಒಂದು, ಪ್ರೊಟೊಕಾಲ್‌ನ, ಅಂದರೆ ಪ್ಯಾಕೆಟ್ ಪಾಲಿಸುವ ಸಂವಹನ ನಿಯಮಾವಳಿಯ, ಹೆಸರು ನೋಡಿ ಪಾಲು ಕೊಡುವುದು. ಇನ್ನೊಂದು, ಹೆಸರು ಕೇಳದೆ ನಡತೆ ನೋಡಿ ಕೊಡುವುದು. ಹೆಸರಿನ ದಾರಿ ತನ್ನ ಕಾಲಕ್ಕೆ ಅನಿವಾರ್ಯವಾಗಿತ್ತು, ಆದರೆ ಬಾಳಿದ್ದು ನಡತೆಯ ದಾರಿ. ಈ ಇತಿಹಾಸವನ್ನು ಓದಿದಾಗ ನನಗೆ ದೊರೆಯುವ ತೀರ್ಮಾನ ಇದು.

ಇಕ್ಕಟ್ಟು ಮೊದಲು ಕಂಡದ್ದು 1980ರ ದಶಕದ ನಡುವೆ. ಫೋರ್ಡ್ ಏರೋಸ್ಪೇಸ್‌ನ ಜಾನ್ ನೇಗಲ್ 1984ರ ಜನವರಿಯಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ, ದಟ್ಟಣೆಯಿಂದ ಇಡೀ ಜಾಲವೇ ಕುಸಿಯಬಹುದು ಎಂದು ಎಚ್ಚರಿಸಿದರು. ಸಣ್ಣ ಪ್ಯಾಕೆಟ್‌ಗಳ ವ್ಯರ್ಥ ಹೊರೆಯನ್ನೂ ಅದರಲ್ಲಿ ತೋರಿಸಿದರು: ದೂರದ ಕಂಪ್ಯೂಟರಿನಲ್ಲಿ ಟೆಲ್‌ನೆಟ್ ಮೂಲಕ ಕೆಲಸ ಮಾಡುವವನು ಒಂದು ಕೀಲಿ ಒತ್ತಿದರೆ ಒಂದು ಬೈಟ್ ಅಕ್ಷರವನ್ನು 40 ಬೈಟ್‌ಗಳ ತಲೆಪಟ್ಟಿ ಹೊತ್ತು ಸಾಗುತ್ತಿತ್ತು. ಮೂರು ವರ್ಷ ತುಂಬುವ ಮೊದಲೇ ಕುಸಿತದ ಎಚ್ಚರಿಕೆ ನಿಜವಾಯಿತು. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಇಳಿಯಿತು. ಎರಡರ ನಡುವೆ ಇದ್ದ ದೂರ ಬರೀ 400 ಗಜ. ಕಳೆದುಹೋದ ಪ್ಯಾಕೆಟ್‌ಗಳನ್ನು ಎಲ್ಲರೂ ಮತ್ತೆ ಮತ್ತೆ ಕಳುಹಿಸುತ್ತಿದ್ದರು, ಆ ಮರುಸಾಗಣೆಯೇ ದಾರಿ ಕಟ್ಟುತ್ತಿತ್ತು. ವ್ಯಾನ್ ಜಾಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಕಳುಹಿಸುವವರಿಗೆ ಸಂಯಮ ಕಲಿಸಿತು: ಪ್ಯಾಕೆಟ್ ಕಳೆದುಹೋದರೆ ವೇಗ ತಗ್ಗಿಸು. ಆದರೆ ಈ ಸಂಯಮವನ್ನು ಒಪ್ಪದವನನ್ನು ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಆ ಉತ್ತರ ರೂಟರ್‌ನಲ್ಲೇ ಸಿಗಬೇಕಿತ್ತು.

ಹೆಸರಿನ ದಾರಿಯ ಆರಂಭದ ಒಂದು ದೊಡ್ಡ ಪ್ರಯೋಗ ನಡೆದದ್ದೂ ಅದೇ ವರ್ಷಗಳಲ್ಲಿ, ಅಮೆರಿಕದ ಎನ್‌ಎಸ್‌ಎಫ್‌ನೆಟ್‌ನಲ್ಲಿ. ಅದು ಆರು ಕೇಂದ್ರಗಳನ್ನು ಸೆಕೆಂಡಿಗೆ 56 ಕಿಲೋಬಿಟ್‌ನ ತಂತಿಗಳಿಂದ ಜೋಡಿಸಿದ್ದ ಬೆನ್ನೆಲುಬು. ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಬರೆದ ಫಜ್‌ಬಾಲ್ ಎಂಬ ತಂತ್ರಾಂಶ ಅಲ್ಲಿ ರೂಟರ್‌ನ ಕೆಲಸ ಮಾಡುತ್ತಿತ್ತು. ಆ ತಂತಿಯಲ್ಲಿ 1500 ಬೈಟ್‌ನ ಒಂದು ಪ್ಯಾಕೆಟ್ ದಾಟಲು 214 ಮಿಲಿಸೆಕೆಂಡ್ ಬೇಕು, 41 ಬೈಟ್‌ನ ಟೆಲ್‌ನೆಟ್ ಪ್ಯಾಕೆಟ್‌ಗೆ ಆರು ಮಿಲಿಸೆಕೆಂಡ್ ಸಾಕು. ಕಡತ ಸಾಗಣೆಯ ಹಿಂದೆ ಸಿಕ್ಕಿಬಿದ್ದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಕೆಲಸಗಾರನ ತಾಳ್ಮೆ ಕೆಡುತ್ತಿತ್ತು. ಹಾಗಾಗಿ ಟೆಲ್‌ನೆಟ್‌ಗೆ ಆದ್ಯತೆ ಕೊಡಲಾಯಿತು, ಆ ಏರ್ಪಾಡನ್ನು ಬಳಕೆದಾರರಿಗೆ ಸಾರಿ ಹೇಳಲಿಲ್ಲ. ನನಗೆ ಈ ಮೌನವೇ ಮುಖ್ಯ ಸಾಕ್ಷಿ. ಗುಟ್ಟು ತಿಳಿದರೆ ಪ್ರತಿಯೊಬ್ಬರೂ ತಮ್ಮ ಕಡತಕ್ಕೆ ಟೆಲ್‌ನೆಟ್‌ನ ವೇಷ ತೊಡಿಸಬಹುದಿತ್ತು. ಹೆಸರಿಗೆ ಪಾಲು ಕಟ್ಟಿದ ಕೂಡಲೇ ಹೆಸರು ಕದಿಯುವ ಆಸೆ ಹುಟ್ಟುತ್ತದೆ.

ಆದರೂ 1990ರ ದಶಕದ ಆರಂಭದಲ್ಲಿ ಹೆಸರು ನೋಡಿ ಹಂಚುವುದಕ್ಕೆ ಗಟ್ಟಿ ಕಾರಣವಿತ್ತು. ಆಗಿನ ಕಚೇರಿಯ ಜಾಲದಲ್ಲಿ ಇಂದಿನ ಅಂತರಜಾಲದ ಪ್ರೊಟೊಕಾಲ್ ಆದ ಐಪಿ ಒಂದೇ ಇರಲಿಲ್ಲ. ನಾವೆಲ್‌ನ ಐಪಿಎಕ್ಸ್, ಆಪಲ್‌ಟಾಕ್, ಡೆಕ್‌ನೆಟ್, ಬ್ಯಾಂಕುಗಳ ಟರ್ಮಿನಲ್‌ಗಳು ನೆಚ್ಚಿದ್ದ ಐಬಿಎಂನ ಎಸ್‌ಎನ್‌ಎ ಎಲ್ಲವೂ ಒಂದೇ 64 ಕಿಲೋಬಿಟ್ ಲೀಸ್ಡ್ ಲೈನಿನಲ್ಲಿ ಸಾಗಬೇಕಿತ್ತು. ಉತ್ತರ ತಡವಾದರೆ ಎಸ್‌ಎನ್‌ಎ ಸಂಪರ್ಕವನ್ನೇ ಕಡಿದುಕೊಳ್ಳುತ್ತಿತ್ತು. ಸಿಸ್ಕೊ ರೂಟರ್‌ಗಳು ಇದಕ್ಕೆ ಎರಡು ಸಾಧನ ಕೊಟ್ಟವು. ಮೊದಲನೆಯದು ನಾಲ್ಕು ಮಟ್ಟಗಳ ಆದ್ಯತೆಯ ಸರದಿ. ಮೇಲಿನ ಸಾಲು ಖಾಲಿಯಾಗುವ ತನಕ ಕೆಳಗಿನದಕ್ಕೆ ಏನೂ ಇಲ್ಲ. ನಾಲೆಯ ತಲೆಭಾಗದವರು ತೂಬು ತೆರೆದೇ ಇಟ್ಟರೆ ಕೊನೆಭಾಗದ ಗದ್ದೆ ಒಣಗುವುದು ಹೇಗೋ, ಇಲ್ಲಿಯೂ ಹಾಗೆಯೇ. ಎರಡನೆಯದು ಕಸ್ಟಮ್ ಕ್ಯೂಯಿಂಗ್: ಹದಿನಾರು ಸಾಲುಗಳ ತನಕ ಮಾಡಿ, ಪ್ರತಿ ಸುತ್ತಿನಲ್ಲಿ ಯಾವ ಸಾಲಿನಿಂದ ಎಷ್ಟು ಬೈಟ್ ಬಿಡಬೇಕೆಂದು ಬರೆದಿಡುವುದು. ಇದು ನೀರುಗಂಟಿಯ ಪಾಳಿಯಂತೆ, ಎಲ್ಲರಿಗೂ ಒಂದು ಹೊತ್ತು ಖಂಡಿತ.

ಈ ಪಾಳಿಯ ಲೆಕ್ಕ ಕಾಗದದ ಮೇಲೆ ಇದ್ದಷ್ಟು ನೇರವಾಗಿರಲಿಲ್ಲ. ಐಪಿಗೆ ಅರ್ಧ, ಐಪಿಎಕ್ಸ್‌ಗೂ ಮೂರನೆಯ ಪ್ರೊಟೊಕಾಲ್ ಒಂದಕ್ಕೂ ಕಾಲು ಕಾಲು ಎಂದು 3000, 1500, 1500 ಬೈಟ್ ಬರೆದೆವೆಂದುಕೊಳ್ಳಿ. ರೂಟರ್ ಪ್ಯಾಕೆಟ್ಟನ್ನು ನಡುವೆ ಕತ್ತರಿಸುವುದಿಲ್ಲ, ಮಿತಿ ತಲುಪುವ ತನಕ ಒಂದೊಂದನ್ನೇ ಇಡಿಯಾಗಿ ಕಳುಹಿಸುತ್ತದೆ. ಐಪಿ 1500 ಬೈಟ್‌ನ ಎರಡನ್ನು ಕಳುಹಿಸಿ 3000ಕ್ಕೆ ನಿಲ್ಲುತ್ತದೆ. 576 ಬೈಟ್‌ನ ಐಪಿಎಕ್ಸ್ ಪ್ಯಾಕೆಟ್ ಮೂರು ಹೋಗಿ 1728 ಆಗುತ್ತದೆ. ಮೂರನೆಯದರ ಪ್ಯಾಕೆಟ್ 1000 ಬೈಟ್‌ನದಾದರೆ ಎರಡು ಹೋಗಿ 2000. ಐಪಿಯ ಅರ್ಧ ಪಾಲು ಶೇ 45ಕ್ಕೂ ಕೆಳಗಿಳಿಯಿತು, ಮೂರನೆಯದರ ಕಾಲು ಪಾಲು ಸುಮಾರು ಶೇ 30ಕ್ಕೆ ಏರಿತು. ಮಿತಿಗೆ ಸರಿಹೊಂದದ ಗಾತ್ರದ ಪ್ಯಾಕೆಟ್ ಇಟ್ಟುಕೊಂಡವನು ಪ್ರತಿ ಸುತ್ತಿನಲ್ಲೂ ಹೀಗೆ ಹೆಚ್ಚುವರಿ ಪಡೆಯಬಲ್ಲ. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ 1995ರಲ್ಲಿ ಇದಕ್ಕೆ ಸರಳ ಮದ್ದು ತೋರಿಸಿದರು. ಮುಂದಿನ ಪ್ಯಾಕೆಟ್ ಉಳಿದ ಪಾಲಿನಲ್ಲಿ ಹಿಡಿಯದಿದ್ದರೆ ಅದನ್ನು ತಡೆದು, ಆ ಉಳಿಕೆಯನ್ನು ಮುಂದಿನ ಸುತ್ತಿನ ಖಾತೆಗೆ ಜಮೆ ಮಾಡುವುದು. ಸಣ್ಣ ಲೆಕ್ಕಪುಸ್ತಕವೊಂದು ಹಂಚಿಕೆಯನ್ನು ನೇರಮಾಡಿತು.

ಅಷ್ಟರಲ್ಲಿ ನಡತೆಯ ದಾರಿಯೂ ಮೂಡಿತ್ತು. ನೇಗಲ್ 1985ರ ಡಿಸೆಂಬರ್‌ನ ಟಿಪ್ಪಣಿಯಲ್ಲಿ ಎಷ್ಟೇ ಜಾಗ ಕೊಟ್ಟರೂ ಒಂದೇ ಸಾಲಿನ ರೂಟರ್ ದಟ್ಟಣೆಯಿಂದ ಪಾರಾಗದೆಂದು ತೋರಿಸಿ, ಕಳುಹಿಸುವ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಸಾಲು ಮಾಡಿ ಸರದಿಯಂತೆ ಒಂದೊಂದು ಪ್ಯಾಕೆಟ್ ಎತ್ತುವ ಉಪಾಯ ಸೂಚಿಸಿದ್ದರು. ಹಾಗಾದರೆ ಅತಿಯಾಗಿ ಸುರಿಯುವವನು ತನ್ನ ಸಾಲನ್ನೇ ಉದ್ದ ಮಾಡಿಕೊಳ್ಳುತ್ತಾನೆ, ನೆರೆಯವನಿಗೆ ತೊಂದರೆಯಿಲ್ಲ. ಅಲನ್ ಡೆಮರ್ಸ್, ಶ್ರೀನಿವಾಸನ್ ಕೇಶವ್, ಸ್ಕಾಟ್ ಶೆಂಕರ್ 1989ರಲ್ಲಿ ಇದನ್ನು ಪ್ಯಾಕೆಟ್‌ನ ಗಾತ್ರಕ್ಕೂ ಹೊಂದುವ ಗಣಿತವಾಗಿ ಬೆಳೆಸಿದರು. ಇಲ್ಲಿ ರೂಟರ್ ನೀನು ಯಾರು ಎಂದು ವಿಚಾರಿಸುವುದಿಲ್ಲ, ಎಷ್ಟು ಕೇಳುತ್ತಿದ್ದೀಯೆ ಎಂಬುದನ್ನಷ್ಟೇ ಗಮನಿಸುತ್ತದೆ.

ಹೆಸರಿನ ದಾರಿಯ ಸೋಲು ಸ್ಪಷ್ಟವಾದದ್ದು 2000ದ ದಶಕದಲ್ಲಿ. ಉಳಿದ ಪ್ರೊಟೊಕಾಲ್‌ಗಳು ಮರೆಯಾಗಿ ಎಲ್ಲವೂ ಐಪಿಯೊಳಗೆ ಸೇರಿದಾಗ, ರೂಟರ್ ಪೋರ್ಟ್ ಸಂಖ್ಯೆಯಿಂದ ಅನ್ವಯಗಳನ್ನು ಗುರುತಿಸತೊಡಗಿತು. ಕಡತ ಹಂಚುವ ಬಿಟ್‌ಟೊರೆಂಟ್‌ನಂಥವು ಪೋರ್ಟ್ ಬದಲಿಸಿದವು. ಪ್ಯಾಕೆಟ್‌ನ ಒಳಗೆ ಇಣುಕಿದರೆ ಗೂಢಲಿಪಿಯ ಹಿಂದೆ ಅಡಗಿದವು. 2007ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಬಿಟ್‌ಟೊರೆಂಟ್ ಸಂಪರ್ಕಗಳನ್ನು ಹುಸಿ ಪ್ಯಾಕೆಟ್ ಕಳುಹಿಸಿ ಕಡಿಯುತ್ತಿದ್ದುದು ಬಯಲಾಯಿತು. 2008ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಅದನ್ನು ತಪ್ಪೆಂದಿತು, 2010ರಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಕಾನೂನು ಹೇಗೇ ತಿರುಗಲಿ, ಹೆಸರು ನೋಡಿ ಹಂಚುವ ಅಧಿಕಾರ ಹೆಸರು ನೋಡಿ ಶಿಕ್ಷಿಸುವ ಅಧಿಕಾರವೂ ಆಗುತ್ತದೆಂದು ಲೋಕ ಕಂಡಿತು. ಭಾರತ ಸರ್ಕಾರ 2018ರಲ್ಲಿ ಎಲ್ಲರ ಪ್ಯಾಕೆಟ್‌ಗಳನ್ನೂ ಸಮವಾಗಿ ಕಾಣುವ ಜಾಲತಟಸ್ಥತೆಯ ತತ್ತ್ವವನ್ನು ಒಪ್ಪಿಕೊಂಡದ್ದರ ಹಿಂದೆಯೂ ಇದೇ ಅಳುಕು ಇತ್ತು ಎಂದು ನಾನು ಓದುತ್ತೇನೆ.

ನಡತೆಯ ದಾರಿಗೆ ಮೊದಲ ಆಕ್ಷೇಪ: ಧ್ವನಿ ಕರೆ ಮತ್ತು ಬ್ಯಾಕಪ್ ಕಡತ ಒಂದೇ ಅಲ್ಲ, ಒಂದಕ್ಕೆ ವಿಳಂಬ ಮಾರಕ, ಇನ್ನೊಂದಕ್ಕೆ ಲೆಕ್ಕಕ್ಕಿಲ್ಲ, ಎರಡನ್ನೂ ಸಮ ಮಾಡುವುದು ಯಾವ ನ್ಯಾಯ? ಮಾತು ಸರಿ. ಆದರೆ ಕರೆಯ ಪ್ಯಾಕೆಟ್‌ಗಳು ಚಿಕ್ಕವು, ವಿರಳ. ಪ್ರತ್ಯೇಕ ಸಾಲು ಕೊಟ್ಟರೆ ಆ ಸಾಲು ಸದಾ ಹೆಚ್ಚುಕಡಿಮೆ ಖಾಲಿಯೇ ಇರುತ್ತದೆ, ಬಂದದ್ದು ಬಂದ ಹಾಗೆ ಹೋಗುತ್ತದೆ. ಕಡಿಮೆ ಕೇಳುವವನಿಗೆ ಬೇಗ ಸಿಗುವುದು ಈ ಪದ್ಧತಿಯ ಸಹಜ ಗುಣ, ಅದಕ್ಕೆ ಹೆಸರಿನ ಚೀಟಿ ಬೇಕಿಲ್ಲ. ಒಂದೇ ಸಂಸ್ಥೆ ತನ್ನದೇ ತಂತಿಯಲ್ಲಿ ಮಿತಿಯಿಟ್ಟು ಆದ್ಯತೆ ಗುರುತಿಸುವುದಾದರೆ ಅದಕ್ಕೂ ನನ್ನ ತಕರಾರಿಲ್ಲ. ಅಲ್ಲಿ ವೇಷ ಹಾಕುವವರೂ ಅದರಿಂದ ಮೋಸಹೋಗುವವರೂ ಒಂದೇ ಮನೆಯವರು.

ಎರಡನೆಯ ಆಕ್ಷೇಪ: ತಂತಿಯನ್ನೇ ದಪ್ಪ ಮಾಡಿದರೆ ಸರದಿಯ ಗೊಡವೆಯೇ ಬೇಡವಲ್ಲ? ಎನ್‌ಎಸ್‌ಎಫ್‌ನೆಟ್ 1988ರಲ್ಲಿ ಸೆಕೆಂಡಿಗೆ 1.5 ಮೆಗಾಬಿಟ್‌ಗೆ ಏರಿ ಆ ಕ್ಷಣದ ಇಕ್ಕಟ್ಟಿನಿಂದ ಪಾರಾದದ್ದು ನಿಜ. ಆದರೆ ಅಗಲವಾದ ದಾರಿಯೂ ಮನೆಬಾಗಿಲಿನ ಬಳಿ ಕಿರಿದಾಗುತ್ತದೆ, ಕಳುಹಿಸುವ ವೇಗವನ್ನು ನಿಯಂತ್ರಿಸುವ ಟಿಸಿಪಿ ಆ ಕಿರಿದಾದ ಜಾಗವನ್ನು ತುಂಬಿಸಿಯೇ ತೀರುತ್ತದೆ. ಅಗ್ಗವಾದ ಮೆಮೊರಿಯಿಂದ ರೂಟರ್‌ಗಳ ಬಫರ್ ಬೀಗಿ, ಪ್ಯಾಕೆಟ್‌ಗಳು ಸೆಕೆಂಡುಗಟ್ಟಲೆ ಕಾಯುವ ರೋಗಕ್ಕೆ 2010ರ ಹೊತ್ತಿಗೆ ಜಿಮ್ ಗೆಟ್ಟಿಸ್ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಅದಕ್ಕೆ ಕೋಡೆಲ್ ಎಂಬ ಮದ್ದು ತಂದವರು ಅದೇ ವ್ಯಾನ್ ಜಾಕಬ್ಸನ್. ಅದನ್ನು ಪ್ರತ್ಯೇಕ ಸಾಲುಗಳ ಜೊತೆ ಬೆಸೆದ ಎಫ್‌ಕ್ಯೂ-ಕೋಡೆಲ್ ಇಂದು ಲಿನಕ್ಸ್‌ನ ಹಲವು ಆವೃತ್ತಿಗಳಲ್ಲಿ ಯಾರೂ ಹೇಳದೆಯೇ ಕೆಲಸ ಮಾಡುತ್ತದೆ. ಇದೇ ಕುಲದ ಎಫ್‌ಕ್ಯೂ-ಪೈ 2020ರಲ್ಲಿ ಲಿನಕ್ಸ್‌ನ ತಿರುಳಿಗೆ ಸೇರಿದ್ದು ಸುರತ್ಕಲ್‌ನ ಎನ್‌ಐಟಿಕೆಯ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ದುಡಿಮೆಯಿಂದ.

ಮೂರನೆಯ ಆಕ್ಷೇಪವೇ ಬಲವಾದದ್ದು. 2007ರಲ್ಲಿ ಬಾಬ್ ಬ್ರಿಸ್ಕೋ ಇದನ್ನು ಖಾರವಾಗಿಯೇ ಎತ್ತಿದರು: ಪ್ರತಿ ಸಂಪರ್ಕಕ್ಕೂ ಸಮಪಾಲು ಎಂದರೆ ನೂರು ಸಂಪರ್ಕ ತೆರೆದವನು ನೂರು ಪಾಲು ಒಯ್ಯುತ್ತಾನೆ. ಇದು ಟೆಲ್‌ನೆಟ್‌ನ ವೇಷದ ಇನ್ನೊಂದು ರೂಪ, ಅಲ್ಲಗಳೆಯುವಂತಿಲ್ಲ. ಆದರೆ ಇದು ಕೆಡವುವುದು ಎಣಿಕೆಯ ಘಟಕವನ್ನು, ನಡತೆಯ ತತ್ತ್ವವನ್ನಲ್ಲ. ನೇಗಲ್ ಎಣಿಸಿದ್ದು ಯಂತ್ರಗಳನ್ನು, ಆಮೇಲೆ ಬಂದವರು ಸಂಪರ್ಕಗಳನ್ನು. ಈಚಿನ ಕೇಕ್ ಎಂಬ ವಿಧಾನ ಮೊದಲು ಯಂತ್ರಗಳ ನಡುವೆ, ಆಮೇಲೆ ಒಂದೊಂದರ ಸಂಪರ್ಕಗಳ ನಡುವೆ ಹಂಚಿ ಆ ಮೊದಲ ಎಣಿಕೆಗೇ ಮರಳಿದೆ. ಯಾರನ್ನು ಒಬ್ಬನೆಂದು ಎಣಿಸಬೇಕು ಎಂಬ ಪ್ರಶ್ನೆ ಯಾವ ಹಂಚಿಕೆಗೂ ತಪ್ಪಿದ್ದಲ್ಲ, ಅದನ್ನು ಮತ್ತೆ ಮತ್ತೆ ಕೇಳಿಕೊಳ್ಳಲೇಬೇಕು. ಈ ಪ್ರಶ್ನೆಯನ್ನು ಎಲ್ಲರ ಮುಂದೆ ಇಟ್ಟು ಚರ್ಚಿಸಬಹುದು. ನಿಯಮ ಬಯಲಾದರೂ ಕೆಡುವುದಿಲ್ಲ. ಫಜ್‌ಬಾಲ್‌ನ ಆದ್ಯತೆ ಉಳಿಯಲು ಗುಟ್ಟು ಬೇಕಿತ್ತು. ಕೇಕ್‌ನಂಥ ಇಂದಿನ ಸರದಿಯ ಪ್ರತಿ ಸಾಲೂ ಯಾರು ಬೇಕಾದರೂ ಓದಬಹುದಾದ ಸಂಕೇತದಲ್ಲಿದೆ, ಓದಿದವನಿಗೂ ಅದರಿಂದ ಒಂದು ಪಾಲು ಹೆಚ್ಚು ಸಿಗುವುದಿಲ್ಲ.